ಮಲಗುವ ಮುಂಚೆ ಬೆಳಕು ಕೇಳುವುದು

ದೇವರ ಇಚ್ಛೆ ಏನು ಅಂತ ತಿಳಿಯುವುದು ಹೇಗೆ? ಭಾನುವಾರ ಪೂಜೆ ಮುಗಿಸಿ ಚರ್ಚ್ ಅಂಗಳದಲ್ಲಿ ನಿಂತಾಗ ಈ ಮಾತು ಬಂದೇ ಬರುತ್ತದೆ. ಮಗಳಿಗೆ ಬಂದ ಸಂಬಂಧ, ಗೋವಾದ ಕೆಲಸ, ಅಣ್ಣತಮ್ಮಂದಿರ ಜಾಗದ ತಕರಾರು. ಕೆಲವರು ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಚನವೇ ಉತ್ತರ ಅನ್ನುತ್ತಾರೆ. ಬೇಡದ ವಚನ ಬಂದರೆ ಇನ್ನೊಮ್ಮೆ ತೆರೆಯುವವರನ್ನೂ ನೋಡಿದ್ದೇನೆ. ನನಗೆ ಅದು ಒಗ್ಗಲಿಲ್ಲ.

ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟ್ ಇಂಜಿನ್ ರಿಪೇರಿ ಮಾಡುವವನು. ಧ್ಯಾನಕೂಟಕ್ಕೆ ಹೋಗಿ ಕೂರುವಷ್ಟು ಪುರುಸೊತ್ತು ಸಿಗುವುದಿಲ್ಲ. ಹಾಗಾಗಿ ನಮ್ಮ ಫಾದರ್ ಹೇಳಿಕೊಟ್ಟ ಒಂದು ಚಿಕ್ಕ ಪ್ರಾರ್ಥನೆಯನ್ನೇ ಹಿಡಿದುಕೊಂಡೆ. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಬಿಟ್ಟುಹೋದ ಕ್ರಮ ಅದು. ಮನೆಯಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದು, ಮಕ್ಕಳು ಬಂದು ಬೆಸಾಂವ್ (ಆಶೀರ್ವಾದ) ಕೇಳಿ ಹೋದ ಮೇಲೆ, ಜಗಲಿಯಲ್ಲಿ ಹತ್ತು ನಿಮಿಷ ಕೂರುತ್ತೇನೆ. ಹಾಸಿಗೆ ಮೇಲೆ ಮಾತ್ರ ಬೇಡ, ನಿದ್ದೆ ಗ್ಯಾರಂಟಿ. ಫೋನ್ ಒಳಗೇ ಇರಲಿ.

ಮೊದಲು ಆ ದಿನಕ್ಕೆ ಥ್ಯಾಂಕ್ಸ್. ದೊಡ್ಡದೇ ಆಗಬೇಕಂತಿಲ್ಲ. ತುಕ್ಕು ಹಿಡಿದ ನಟ್ ಮುರಿಯದೆ ಬಂದಿದ್ದೂ ಲೆಕ್ಕಕ್ಕಿದೆ. ಆಮೇಲೆ ಪವಿತ್ರಾತ್ಮರಲ್ಲಿ ಬೆಳಕು ಕೇಳುವುದು. ತುಂಬಾ ಜನ ಇದನ್ನು ಹಾರಿಸಿಬಿಡುತ್ತಾರೆ, ಆದರೆ ಇಡೀ ಪ್ರಾರ್ಥನೆಯ ಜೀವ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಬೆಳಕು ಕೇಳದೆ ದಿನವನ್ನು ನೋಡಿದರೆ ಆಗುವುದು ಎರಡೇ: ಊರವರ ಮೇಲೆ ದೂರು, ಇಲ್ಲವೇ ನನ್ನ ಮೇಲೇ ಬೈಗುಳ. ಕೇಳಿ ನೋಡಿದಾಗ ಅದೇ ದಿನದಲ್ಲಿ ಬೇರೇನೋ ಕಾಣುತ್ತದೆ. ಒಂದು ದಿನ ಇಂಜಿನ್‌ಗಿಂತ ಜಾಸ್ತಿ ಕಂಡಿದ್ದು ನನ್ನ ಹತ್ತಿರ ಕೆಲಸ ಕಲಿಯುವ ಹುಡುಗನ ಮುಖ. ಇಂಜಿನ್‌ಗೆ ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ತಾನೇ ಜೋಡಿಸಿ ಇಂಜಿನ್ ಸ್ಟಾರ್ಟ್ ಮಾಡಿದಾಗ ಅವನು ನನ್ನ ಕಡೆ ತಿರುಗಿ ನೋಡಿದ್ದ. ಆ ಹೊತ್ತಿನಲ್ಲಿ ನಾನು ಬಿಲ್ ಲೆಕ್ಕದಲ್ಲಿದ್ದೆ. ರಾತ್ರಿ ಅದು ಎದುರಿಗೆ ಬಂತು.

ಉಳಿದದ್ದು ಬೇಗ ಆಗುತ್ತದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಒಮ್ಮೆ ನೋಡುವುದು, ತಪ್ಪಿದ್ದಕ್ಕೆ ಕ್ಷಮೆ ಕೇಳುವುದು, ನಾಳೆಗೆ ಸಹಾಯ ಕೇಳುವುದು.

ಪಾಸ್ಖ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್ ಹಿಂದಿನ ರಾತ್ರಿ, ಹಚ್ಚುವ ದೊಡ್ಡ ಮೇಣದಬತ್ತಿಯನ್ನು ಗಮನಿಸಿದ್ದೀರಾ? ಶಿಲುಬೆಯ ಜೊತೆ ಅದರ ಮೇಲೆ ಆ ವರ್ಷದ ಅಂಕಿಗಳೂ ಇರುತ್ತವೆ. ಕ್ರಿಸ್ತರ ಬೆಳಕು ಎಂದೋ ಒಂದು ಕಾಲದ್ದಲ್ಲ, ಈ ವರ್ಷದ್ದೂ ಹೌದು. ಇವತ್ತಿನದ್ದೂ ಹೌದು ಅಂತ ನಾನು ಸೇರಿಸಿಕೊಂಡಿದ್ದೇನೆ.

ಇದರ ನಿಜವಾದ ಪರೀಕ್ಷೆ ಆಗಿದ್ದು ಗೋವಾದ ಒಂದು ಬೋಟ್ ಯಾರ್ಡ್‌ನಿಂದ ಕೆಲಸಕ್ಕೆ ಕರೆ ಬಂದಾಗ. ತಿಂಗಳ ಸಂಬಳ, ಇರಲು ರೂಮು. ಯಾರಿಗೆ ಬೇಡ? ಫಾದರ್ ಹತ್ತಿರ ಕೇಳಿದರೆ ಅವರು ಹೋಗು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಇಗ್ನೇಷಿಯಸರ ಕಥೆ ಹೇಳಿದರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದು ಅವರು ಹಾಸಿಗೆ ಹಿಡಿದಿದ್ದರು. ಶೂರನಾಗಿ ಮೆರೆಯುವ ಕನಸು ಕಂಡಾಗ ಆ ಕ್ಷಣಕ್ಕೆ ಖುಷಿ, ಆಮೇಲೆ ಮನಸ್ಸು ಒಣ ಒಣ. ಸಂತರ ಹಾಗೆ ಬದುಕುವ ಯೋಚನೆ ಬಂದಾಗ ಖುಷಿ ಆಮೇಲೂ ಉಳಿಯುತ್ತಿತ್ತು. ಆ ವ್ಯತ್ಯಾಸವನ್ನು ಅವರು ಗಮನಿಸಿದರು. "ನೀನೂ ಆಮೇಲೆ ಏನು ಉಳಿಯುತ್ತದೆ ನೋಡು" ಅಂದರು ಫಾದರ್.

ಆಗ ಜುಲೈ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ಸಮುದ್ರಕ್ಕೆ ಇಳಿಯಲು ನಿಷೇಧ ಅಲ್ವಾ, ನಮಗೆ ಆಗಲೇ ರಿಪೇರಿ ಜಾಸ್ತಿ. ಮೇಲೆ ಬಿಡದ ಮಳೆ, ಕೈಗೆ ಬಾರದ ದುಡ್ಡು. ಪ್ರಾರ್ಥನೆಗೆ ಕೂತರೂ ಏನೂ ಅನ್ನಿಸುತ್ತಿರಲಿಲ್ಲ. ಮನಸ್ಸು ಹೀಗೆ ಕುಗ್ಗಿದಾಗ ಮೊದಲಿನ ತೀರ್ಮಾನ ಬದಲಿಸಬೇಡ ಅನ್ನುವುದು ಇಗ್ನೇಷಿಯಸರ ಒಂದು ನಿಯಮ. ಇದು ನನಗೆ ತಟ್ಟನೆ ಅರ್ಥವಾಯಿತು. ಬಿಸಿ ಇಂಜಿನ್‌ನ ಕೂಲೆಂಟ್ ಮುಚ್ಚಳ ಯಾರು ತೆಗೆಯುತ್ತಾರೆ? ಕುದಿನೀರು ಮುಖಕ್ಕೇ ಹಾರುತ್ತದೆ. ಯಾರ್ಡ್‌ನವರಿಗೆ ಆಗಸ್ಟ್‌ನಲ್ಲಿ ಹೇಳುತ್ತೇನೆ ಅಂದೆ.

ಆ ರಾತ್ರಿಗಳಲ್ಲಿ ಕಂಡಿದ್ದು ಇಷ್ಟು. ಗೋವಾದ ಮಾತು ಯಾರ ಎದುರಾದರೂ ಹೇಳುವಾಗ ಹುರುಪು, ಮನೆಗೆ ಬಂದಾಗ ಒಳಗೆ ಕಿರಿಕಿರಿ. ಹುಡುಗನಿಗೆ ಕೆಲಸ ಕಲಿಸಿದ ದಿನ ದಣಿವಿದ್ದರೂ ಮನಸ್ಸು ಹಗುರ. ಒಂದೆರಡು ಸಲವಲ್ಲ, ಮತ್ತೆ ಮತ್ತೆ ಹೀಗೇ. ಹೆಂಡತಿಯನ್ನು ಕೇಳಿದೆ. "ನನಗೆ ಆವಾಗಲೇ ಗೊತ್ತಿತ್ತು, ನೀವೇ ಹೇಳಲಿ ಅಂತ ಸುಮ್ನಿದ್ದೆ" ಅಂದಳು. ಬೋಟ್‌ಗಳು ಕಡಲಿಗೆ ಇಳಿದ ಮೇಲೆ ಯಾರ್ಡ್‌ಗೆ ಫೋನ್ ಮಾಡಿ ಬರುವುದಿಲ್ಲ ಅಂತ ಹೇಳಿದೆ.

ದುಡ್ಡಿನ ತಾಪತ್ರಯ ಹಾಗೇ ಇದೆ. ಇಬ್ಬರು ಬೋಟ್ ಮಾಲೀಕರು ಹಳೇ ಬಾಕಿ ಇನ್ನೂ ಕೊಟ್ಟಿಲ್ಲ. ಜಗಳ ಆಡದೆ ಅದನ್ನು ವಸೂಲಿ ಮಾಡುವುದು ಹೇಗೆ ಅಂತ ಈಗ ದಿನಾ ರಾತ್ರಿ ಬೆಳಕು ಕೇಳುತ್ತಿದ್ದೇನೆ.