ಪಟ್ಟಿ ಪ್ರೋಗ್ರಾಂ ತೆರೆಯದೆ ಹೋದ ದಿನ

ನಮ್ಮ ಭಾವನದು ಬೆಲ್ಲದ ಮಂಡಿ. ಮೊದಲು ಮೈಸೂರಿನ ಬಂಡೀಪಾಳ್ಯದಲ್ಲಿತ್ತು, ಈಗ ಮಂಡ್ಯಕ್ಕೆ ಬಂದಿದೆ. ರೈತರಿಗೆ ಕೊಡುವ ಪಟ್ಟಿಯೆಲ್ಲ (ಮಾರಾಟದ ಲೆಕ್ಕದ ಚೀಟಿ) ವಿಂಡೋಸ್ ಎಕ್ಸ್‌ಪಿ ಕಾಲದ ಒಂದು ಪ್ರೋಗ್ರಾಂನಲ್ಲೇ ಆಗಬೇಕು. ಕಂಪ್ಯೂಟರ್‌ನಲ್ಲಿ ನಾನು ವಿಂಡೋಸ್ ಬದಲು ಹಾಕಿಕೊಟ್ಟಿದ್ದು ಲಿನಕ್ಸ್ ಮಿಂಟ್. ಹಾಗಾಗಿ ಆ ಪ್ರೋಗ್ರಾಂ ವೈನ್ ಮೂಲಕ ಓಡುತ್ತದೆ. 1993ರಲ್ಲಿ ಶುರುವಾದ ವೈನ್, ವಿಂಡೋಸ್ ಪ್ರೋಗ್ರಾಂ ಕೇಳುವ ಕೆಲಸವನ್ನು ಲಿನಕ್ಸ್‌ಗೆ ಅರ್ಥವಾಗುವಂತೆ ದಾಟಿಸುತ್ತದೆ.

ಕಂಪ್ಯೂಟರನ್ನು ಮಂಡ್ಯಕ್ಕೆ ತಂದ ದಿನವೇ ಆ ಪ್ರೋಗ್ರಾಂ ನಿಂತಿತು. ಐಕಾನ್ ಒತ್ತಿದರೆ ಮೌಸ್ ಸ್ವಲ್ಪ ಹೊತ್ತು ತಿರುಗುತ್ತದೆ, ಆಮೇಲೆ ಏನೂ ಇಲ್ಲ. "ಸಂಜೆಯೊಳಗೆ ಪಟ್ಟಿ ಕೊಡ್ಲೇಬೇಕು ಕಣಪ್ಪ, ರೈತರು ಕಾಯ್ತಾವ್ರೆ" ಅಂದರು ಭಾವ.

ಹಿಂದಿನ ರಾತ್ರಿಯಷ್ಟೇ ಮಿಂಟ್ ಅಪ್‌ಡೇಟ್ ಮಾಡಿದ್ದೆ. ಅದರಿಂದಲೇ ಕೆಟ್ಟಿರಬೇಕು ಅಂದುಕೊಂಡೆ. ಭಾವ ಐಕಾನನ್ನು ಏಳೆಂಟು ಸಲ ಒತ್ತಿದ್ದರು. ಅಷ್ಟೂ ಪ್ರತಿಗಳು ಹಿಂದೆ ಸುಮ್ನೆ ಕೂತಿದ್ದವು. ವೈನ್‌ನಲ್ಲಿ ಓಡುವ ಪ್ರೋಗ್ರಾಂಗಳನ್ನೆಲ್ಲ ಹಿಂದೆ ನಿಂತು ನೋಡಿಕೊಳ್ಳುವ ವೈನ್‌ಸರ್ವರ್‌ಗೆ 'ಕೆ' ಆಯ್ಕೆ ಕೊಟ್ಟು ಎಲ್ಲವನ್ನೂ ಮುಚ್ಚಿ ಮತ್ತೆ ತೆರೆದೆ. ಮತ್ತದೇ.

ಇಂಥ ಹೊತ್ತಲ್ಲಿ ಜಾಸ್ತಿ ಜನ ಹೋಮ್ ಫೋಲ್ಡರಿನಲ್ಲಿ ಅಡಗಿರುವ ವೈನ್ ಫೋಲ್ಡರನ್ನೇ ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಿ ಡ್ರೈವ್ ಇರುವುದೇ ಅದರೊಳಗೆ. ಭಾವನ ಅಷ್ಟೂ ವರ್ಷದ ಲೆಕ್ಕ ಅಲ್ಲೇ ಇತ್ತು! ನಾನು ಅದರ ಹೆಸರು ಬದಲಿಸಿ ಪಕ್ಕಕ್ಕಿಟ್ಟೆ. ವೈನ್ ಹೊಸ ಫೋಲ್ಡರ್ ಮಾಡಿಕೊಂಡಿತು. ಪ್ರೋಗ್ರಾಂನ ಒಂದು ನಕಲನ್ನು ಅದಕ್ಕೆ ಹಾಕಿ ನೋಡಿದೆ. ಅಲ್ಲೂ ತೆರೆಯಲಿಲ್ಲ. ಆದರೆ ವೈನ್ ಜೊತೆಗೇ ಬರುವ ವೈನ್‌ಮೈನ್ ಆಟ ಒತ್ತಿದ ತಕ್ಷಣ ತೆರೆಯಿತು. ಅಂದರೆ ವೈನ್ ಕೆಟ್ಟಿಲ್ಲ, ಹಳೆ ಫೋಲ್ಡರ್ ಕೂಡ ಕೆಟ್ಟಿಲ್ಲ.

ಆಗ, ಯಾವ ಪ್ರೋಗ್ರಾಂ ಎಷ್ಟು ಸಿಪಿಯು ಬಳಸುತ್ತಿದೆ ಅಂತ ತೋರಿಸುವ 'ಟಾಪ್' ತೆರೆದೆ. ನಿಂತಿರುವ ಪ್ರೋಗ್ರಾಂ ಸಿಪಿಯು ಬಳಸುತ್ತಿದ್ದುದು ಸೊನ್ನೆ. ಸುತ್ತಿದ್ದಲ್ಲೇ ಸುತ್ತುತ್ತಿದ್ದರೆ ಸಿಪಿಯು ಏರಬೇಕಿತ್ತು ಅಲ್ವಾ? ಇದು ಯಾವುದಕ್ಕೋ ಕಾಯುತ್ತಿದೆ. ಯಾವುದಕ್ಕೆ? ನೆಟ್‌ವರ್ಕ್ ಸಂಪರ್ಕಗಳನ್ನು ತೋರಿಸುವ 'ಎಸ್‌ಎಸ್' ಕಮಾಂಡ್ ಕೊಟ್ಟೆ. ಒಂದು ಸಾಲು ಕಣ್ಣಿಗೆ ಬಿತ್ತು: 192.168.5.10, ಪೋರ್ಟ್ 631, 'ಸಿನ್ ಸೆಂಟ್'. ಕರೆ ಹೋಗಿದೆ, ಆ ಕಡೆಯಿಂದ ಉತ್ತರ ಬಂದಿಲ್ಲ.

631 ಪ್ರಿಂಟಿಂಗ್‌ನ ಪೋರ್ಟ್. ಆ ವಿಳಾಸ ಬಂಡೀಪಾಳ್ಯದಲ್ಲಿದ್ದ ಪ್ರಿಂಟ್ ಸರ್ವರ್‌ದು. ಮಂಡ್ಯದ ರೌಟರ್ ಕೊಡುವ ವಿಳಾಸಗಳೆಲ್ಲ 192.168.1ರಿಂದ ಶುರು. ಪಟ್ಟಿ ಪ್ರೋಗ್ರಾಂ ತೆರೆಯುವಾಗಲೇ ಪ್ರಿಂಟರ್‌ಗಳ ಹೆಸರು ಕೇಳುತ್ತದೆ. ವೈನ್ ಅದನ್ನು ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ನೋಡಿಕೊಳ್ಳುವ ಕಪ್ಸ್ ಹತ್ತಿರ ಕೇಳುತ್ತದೆ. ಇಲ್ಲಿ ಇಲ್ಲದ ಆ ಹಳೆ ಸರ್ವರನ್ನು ಕಪ್ಸ್ ಹುಡುಕುತ್ತಾ ಕೂತಿತ್ತು. ಖಾತ್ರಿ ಮಾಡಿಕೊಳ್ಳಲು ವೈನ್ ಬಿಟ್ಟು ಬರೀ ಕಪ್ಸ್ ಹತ್ತಿರ ಪ್ರಿಂಟರ್‌ಗಳ ಸ್ಥಿತಿ ಕೇಳುವ 'ಎಲ್‌ಪಿಸ್ಟ್ಯಾಟ್' ಕಮಾಂಡ್ ಕೊಟ್ಟೆ. ಅದೂ ಹಾಗೇ ನಿಂತಿತು.

ಕಪ್ಸ್‌ನ ಕ್ಲೈಂಟ್ ಕಡತದಲ್ಲಿ ಹಳೆ ಸರ್ವರಿನ ಸಾಲು ಇತ್ತು. ಅದನ್ನು ಹಿಂದೆ ಬರೆದವನು ನಾನೇ. ಆ ಸಾಲನ್ನು ತೆಗೆದೆ. ಎಲ್‌ಪಿಸ್ಟ್ಯಾಟ್ ಆ ಕ್ಷಣವೇ ಉತ್ತರ ಕೊಟ್ಟಿತು. ಪಕ್ಕಕ್ಕಿಟ್ಟ ಫೋಲ್ಡರಿಗೆ ಹಳೆ ಹೆಸರು ಕೊಟ್ಟು ಐಕಾನ್ ಒತ್ತಿದೆ. ಮೂರ್ನಾಲ್ಕು ಸೆಕೆಂಡಿನಲ್ಲಿ ಲೆಕ್ಕದ ಪುಟ ಎದುರಿಗಿತ್ತು.

ಇಲ್ಲಿನ ಪ್ರಿಂಟರನ್ನು ಯುಎಸ್‌ಬಿಗೆ ಸಿಕ್ಕಿಸಿ ಸೇರಿಸುವಷ್ಟರಲ್ಲಿ ಐದು ಗಂಟೆ. ಮೊದಲ ಪಟ್ಟಿ ಹೊರಗೆ ಬಂದಾಗ ಭಾವ ಅದನ್ನು ಕೈಗೆ ತೆಗೆದುಕೊಂಡು ಮೊತ್ತ ಸರಿಯಿದೆಯಾ ಅಂತ ನೋಡಿದರು. ನಾನು ಪೆನ್‌ಡ್ರೈವ್ ಹಾಕಿ ವೈನ್ ಫೋಲ್ಡರನ್ನು ಪೂರ್ತಿ ನಕಲು ಮಾಡಲು ಶುರು ಮಾಡಿದೆ.