ಪದೇ ಪದೇ ಒಂದಕ್ಕೆ ಹೋಗುವವರು ಊಟದಲ್ಲಿ ಏನನ್ನು, ಹೇಗೆ ಬಿಡಬೇಕು?

ಕಿಬ್ಬೊಟ್ಟೆಯಲ್ಲಿ ಒತ್ತಿದಂಥ ನೋವು. ಒಂದಕ್ಕೆ ಹೋಗಿ ಬಂದರೆ ಸ್ವಲ್ಪ ಹಾಯೆನಿಸುತ್ತದೆ, ಅರ್ಧ ಗಂಟೆಗೆಲ್ಲ ಮತ್ತೆ ಶುರು. ರಾತ್ರಿ ಸರಿಯಾಗಿ ನಿದ್ದೆಯಿಲ್ಲ. ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಮೊದಲು ಸಿಗುವ ಉತ್ತರ 'ಉಷ್ಣ ಆಗಿದೆ', ಆಮೇಲೆ 'ಯೂರಿನ್ ಇನ್ಫೆಕ್ಷನ್'. ಎರಡೂ ಅಲ್ಲದಿರಬಹುದು. ಸೋಂಕಿಲ್ಲದೆ ಮೂತ್ರಕೋಶ ನೋಯುವ ಈ ಕಾಯಿಲೆಗೆ ಇಂಟರ್‌ಸ್ಟೀಷಿಯಲ್ ಸಿಸ್ಟೈಟಿಸ್ ಅನ್ನುತ್ತಾರೆ. ಹೆಂಗಸರಲ್ಲಿ ಜಾಸ್ತಿ, ಗಂಡಸರಿಗೂ ಬರುತ್ತದೆ. ಪೂರ್ತಿ ವಾಸಿ ಮಾಡುವ ಮದ್ದಿಲ್ಲ. ಆದರೆ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. ಹೆಚ್ಚಿನವರು ಎಡವುವುದು ಊಟದ ವಿಷಯದಲ್ಲಿ, ಹಾಗಾಗಿ ಅದನ್ನೇ ವಿವರವಾಗಿ ಬರೆಯುತ್ತೇನೆ.

1. ಮೊದಲು ಪರೀಕ್ಷೆ

ಮೂತ್ರದಲ್ಲಿ ರೋಗಾಣು ಇದೆಯಾ ಅಂತ ನೋಡುವ ಯೂರಿನ್ ಕಲ್ಚರ್ ಪರೀಕ್ಷೆ ಮಾಡಿಸದೆ ಆ್ಯಂಟಿಬಯಾಟಿಕ್ ನುಂಗಬೇಡಿ. ವರದಿ ಬರಲು ಒಂದೆರಡು ದಿನ ಬೇಕು, ಕಾಯಿರಿ. ಸಕ್ಕರೆ ಕಾಯಿಲೆ, ಕಲ್ಲು, ಮೂತ್ರಾಂಗದ ಕ್ಷಯ, ಗಂಡಸರಾದರೆ ಪ್ರಾಸ್ಟೇಟ್ ಗ್ರಂಥಿಯ ತೊಂದರೆ, ಇವೆಲ್ಲ ಇಲ್ಲ ಅಂತ ಖಚಿತವಾಗಬೇಕು. ನೋವು ಆರು ವಾರ ದಾಟಿಯೂ ಕಲ್ಚರ್‌ನಲ್ಲಿ ಏನೂ ಸಿಗದಿದ್ದರೆ ಯೂರಾಲಜಿಸ್ಟ್ (ಮೂತ್ರರೋಗ ತಜ್ಞರು) ಹತ್ತಿರ ಹೋಗಿ. ಮೂತ್ರದಲ್ಲಿ ರಕ್ತ, ಚಳಿಜ್ವರ ಕಂಡರೆ ಅದೇ ದಿನ ತೋರಿಸಿ.

ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ ಉರಿಮೂತ್ರದ ಸಿರಪ್ ಇದೆಯಲ್ಲ, ಅದರಿಂದ ಉರಿ ತಾತ್ಕಾಲಿಕವಾಗಿ ಇಳಿಯಬಹುದು. ತಿಂಗಳುಗಟ್ಟಲೆ ಕುಡಿಯುವ ಮದ್ದಲ್ಲ ಅದು. ಇನ್ನು ಕ್ರ್ಯಾನ್‌ಬೆರಿ ರಸದ ಬಾಟಲಿ. ಹುಳಿಯಾದ ಆ ರಸದಿಂದ ಈ ಕಾಯಿಲೆಯವರ ನೋವು ಹೆಚ್ಚುವುದೇ ಜಾಸ್ತಿ. ದುಡ್ಡು ಉಳಿಸಿ.

2. ಮೂರು ದಿನದ ಲೆಕ್ಕ

ಒಂದು ನೋಟ್‌ಬುಕ್, ಅಳತೆ ಗೆರೆ ಇರುವ ಒಂದು ಪ್ಲಾಸ್ಟಿಕ್ ಜಗ್ ಸಾಕು. ಎಷ್ಟು ಗಂಟೆಗೆ ಹೋದಿರಿ, ಎಷ್ಟು ಮಿಲಿ ಬಂತು, ನೋವು ಹತ್ತರಲ್ಲಿ ಎಷ್ಟು, ಏನು ತಿಂದಿರಿ, ಏನು ಕುಡಿದಿರಿ, ಎಲ್ಲ ಬರೆಯಿರಿ. ಸಾಮಾನ್ಯವಾಗಿ ಮೂತ್ರಕೋಶ 300ರಿಂದ 500 ಮಿಲಿ ಹಿಡಿಯುತ್ತದೆ, ಹಗಲಲ್ಲಿ ಏಳೆಂಟು ಸಲ ಹೋದರೆ ಸಹಜ. ಪ್ರತಿ ಸಲವೂ ತುಂಬಾ ಬಂದು ದಿನದ ಒಟ್ಟು ಮೂರು ಲೀಟರ್ ದಾಟಿದರೆ ಕಾರಣ ಬೇರೆಯೇ ಇರಬಹುದು, ಪುಸ್ತಕವನ್ನು ಡಾಕ್ಟರಿಗೆ ತೋರಿಸಿ. ಮಳೆಗಾಲದಲ್ಲಿ ಬೆವರು ಕಡಿಮೆ, ಚಳಿಗೂ ಮೂತ್ರ ಜಾಸ್ತಿ. ಆಗುಂಬೆ ಕಡೆಯವರು ಆಷಾಢದ ಲೆಕ್ಕ ನೋಡಿ ಗಾಬರಿಯಾಗುವುದು ಬೇಡ.

3. ಊಟ: ಬಿಡುವುದು, ಮತ್ತೆ ಸೇರಿಸುವುದು

ನಾನು ಕಂಡಿರುವ ಪಾಡು ಎರಡು ಬಗೆ. ಕೆಲವರು ನಾಲ್ಕು ದಿನ ಪಥ್ಯ ಮಾಡಿ, ಮದುವೆಮನೆಯಲ್ಲಿ ಎಲ್ಲ ತಿಂದು, 'ಪಥ್ಯದಿಂದ ಏನೂ ಆಗಲಿಲ್ಲ' ಅನ್ನುತ್ತಾರೆ. ಇನ್ನು ಕೆಲವರು ಹೆದರಿ ಎಲ್ಲವನ್ನೂ ಬಿಟ್ಟು ವರ್ಷವಿಡೀ ಗಂಜಿ ಕುಡಿದು ಸೊರಗುತ್ತಾರೆ. ಎರಡನೆಯದು ನನಗೆ ಹೆಚ್ಚು ನೋವು ಕೊಡುತ್ತದೆ.

ಮೂರು ವಾರ ಪೂರ್ತಿ ಬಿಡಬೇಕಾದವು: ಕಾಫಿ, ಟೀ, ಸೋಡಾ, ಮದ್ಯ, ಟೊಮೆಟೊ, ನಿಂಬೆ, ಕಿತ್ತಳೆ, ಅನಾನಸು, ಖಾರ, ಶುಗರ್‌ಫ್ರೀ ಮಾತ್ರೆ, ವಿಟಮಿನ್ ಸಿ ಮಾತ್ರೆ. ಪೇಟೆಯಲ್ಲಿ ಸಿಗುವ ಪಥ್ಯದ ಪಟ್ಟಿ ಇಲ್ಲಿಗೇ ಮುಗಿಯುತ್ತದೆ. ನಮ್ಮ ಅಡುಗೆಮನೆಯ ಹುಳಿ ಅದರಲ್ಲಿ ಇರುವುದಿಲ್ಲ. ಹುಣಸೆ, ವಾಟೆಹುಳಿ, ಮುರುಗಲು ಹಣ್ಣಿನ ಪಾನಕ, ಕಂಚಿಕಾಯಿ, ಅಪ್ಪೆಮಿಡಿ ಉಪ್ಪಿನಕಾಯಿ, ಸೂಜಿಮೆಣಸು, ಹುಳಿ ಬಂದ ಮಜ್ಜಿಗೆ, ಇವನ್ನೂ ಬಿಡಿ. 'ಮುರುಗಲು ತಂಪು, ಒಳ್ಳೆಯದು' ಅಂತ ಯಾರಾದರೂ ಲೋಟ ಮುಂದಿಟ್ಟರೂ ಈ ಮೂರು ವಾರ ಬೇಡ.

ಕಾಫಿಯನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ, ತಲೆನೋವು ಹಿಡಿಯುತ್ತದೆ. ಒಂದು ವಾರ ಲೋಟ ಕಿರಿದು ಮಾಡುತ್ತಾ ಬನ್ನಿ, ಆಮೇಲೆ ಮೂರು ವಾರದ ಎಣಿಕೆ ಶುರು ಮಾಡಿ. ಬದಲಿಗೆ ಕೊತ್ತಂಬರಿ-ಜೀರಿಗೆ ಕಷಾಯಕ್ಕೆ ಹಾಲು ಹಾಕಿ ಕುಡಿಯಿರಿ. ಕಾಳುಮೆಣಸು, ಶುಂಠಿ ಹಾಕಬೇಡಿ.

ತಿನ್ನುವುದು ಏನು? ಅನ್ನ, ಅಕ್ಕಿ ರೊಟ್ಟಿ, ಕಡುಬು, ತುಪ್ಪ, ಹಾಲು, ತೊವ್ವೆ, ಸೌತೆ, ಹೀರೆ, ಕುಂಬಳ. ಮೀನು, ಕೋಳಿಯೂ ಆಗುತ್ತದೆ, ಹುಳಿ-ಖಾರ ಇಲ್ಲದೆ. ಇದಕ್ಕಾಗಿ ಬೇರೆ ಅಡುಗೆ ಬೇಕಿಲ್ಲ. ಬೇಯಿಸಿದ ಬೇಳೆ-ತರಕಾರಿಗೆ ಹುಳಿ, ಖಾರ ಬೀಳುವ ಮೊದಲೇ ಒಂದು ಬಟ್ಟಲು ತೆಗೆದಿಡಿ. ಅಡುಗೆ ಮಾಡುವವರಿಗೆ ಕಾಯಿಲೆಯ ವಿಷಯ ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ತಟ್ಟೆಗೆ ಸಾರು ಬೀಳುವುದು ನಿಲ್ಲುವುದಿಲ್ಲ.

ಮೂರು ವಾರ ಆದ ಮೇಲೆ ಒಂದೊಂದಾಗಿ ಸೇರಿಸಿ. ಒಂದು ಸಲಕ್ಕೆ ಒಂದೇ ವಸ್ತು. ಮೊದಲ ದಿನ ಚೂರು, ಮರುದಿನ ಸ್ವಲ್ಪ ಜಾಸ್ತಿ, ಮೂರನೇ ದಿನ ಸುಮ್ನೆ ಗಮನಿಸಿ. ನೋವಿನ ಅಂಕಿ ಏರಿತಾ? ಆ ವಸ್ತುವಿನ ಮುಂದೆ ಅಡ್ಡಗೆರೆ ಎಳೆದು, ಹೊಟ್ಟೆ ಶಾಂತವಾಗುವವರೆಗೆ ಕಾದು ಮುಂದಿನದಕ್ಕೆ ಹೋಗಿ. ಏರಲಿಲ್ಲವಾ? ಅದು ನಿಮ್ಮದು, ಧೈರ್ಯವಾಗಿ ತಿನ್ನಿ. ಹೆಂಗಸರು ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಹೊಸದನ್ನು ಸೇರಿಸಬೇಡಿ. ಆಗ ನೋವು ತಾನಾಗಿಯೇ ಹೆಚ್ಚಿ ಲೆಕ್ಕ ತಪ್ಪುತ್ತದೆ. ಒಬ್ಬರಿಗೆ ಆಗದ ಟೊಮೆಟೊ ಇನ್ನೊಬ್ಬರಿಗೆ ಏನೂ ಮಾಡದಿರಬಹುದು, ಹಾಗಾಗಿ ಅಕ್ಕತಂಗಿಯರ ಪಟ್ಟಿ ನಕಲು ಮಾಡಬೇಡಿ. ಕೆಲವರಿಗೆ ಊಟದಿಂದ ಏನೂ ವ್ಯತ್ಯಾಸ ಕಾಣುವುದಿಲ್ಲ. ಅಂಥವರು ಪಥ್ಯವನ್ನೇ ಬಿಟ್ಟುಬಿಡಿ.

4. ನೀರು

ಕಡಿಮೆ ಮಾಡಬೇಡಿ. ಶಿವಮೊಗ್ಗ-ತೀರ್ಥಹಳ್ಳಿ ಬಸ್ಸು ಹತ್ತಬೇಕು ಅಂತ ಬೆಳಗಿನಿಂದ ಬಾಯಿ ಒಣಗಿಸಿಕೊಂಡರೆ ಮೂತ್ರ ಗಟ್ಟಿಯಾಗಿ ಉರಿಯೇ ಹೆಚ್ಚುತ್ತದೆ. ಗುಟುಕು ಗುಟುಕಾಗಿ ಕುಡಿಯಿರಿ, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿ. ಮಲಬದ್ಧತೆ ಆಗದಂತೆಯೂ ನೋಡಿಕೊಳ್ಳಿ.

5. ಅಂತರ ಹಿಗ್ಗಿಸುವುದು

ನೋವು ತಗ್ಗಿದ ಮೇಲೆ ಮಾತ್ರ. ಲೆಕ್ಕದ ಪುಸ್ತಕದಲ್ಲಿ ಸರಾಸರಿ ಒಂದು ಗಂಟೆಗೊಮ್ಮೆ ಅಂತಿದ್ದರೆ ಹತ್ತು ನಿಮಿಷ ಮುಂದೂಡಿ. ಅವಸರವಾದಾಗ ಓಡಬೇಡಿ. ಕೂತು ಹೊಟ್ಟೆ ಸಡಿಲ ಬಿಟ್ಟು ನಿಧಾನ ಉಸಿರಾಡಿ, ಹೆಚ್ಚಾಗಿ ಅವಸರ ತಗ್ಗುತ್ತದೆ. ಒಂದೆರಡು ವಾರ ಸಲೀಸಾದರೆ ಇನ್ನೂ ಹತ್ತು ನಿಮಿಷ ಸೇರಿಸಿ. ನೋವಾದರೆ ಹಿಡಿದಿಟ್ಟುಕೊಳ್ಳಬೇಡಿ, ಹೋಗಿಬನ್ನಿ.

ವೀಡಿಯೊ ನೋಡಿ ಕೆಗೆಲ್ ವ್ಯಾಯಾಮ (ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು) ಮಾಡುವವರು ದಯವಿಟ್ಟು ನಿಲ್ಲಿಸಿ. ಈ ಕಾಯಿಲೆಯಲ್ಲಿ ಕಿಬ್ಬೊಟ್ಟೆಯ ತಳಭಾಗದ ಆ ಸ್ನಾಯುಗಳು ಮೊದಲೇ ಬಿಗಿದಿರುವುದು ಹೆಚ್ಚು. ಇನ್ನೂ ಬಿಗಿ ಮಾಡಿದರೆ ನೋವು ಏರುತ್ತದೆ. ಸಡಿಲಿಸುವುದನ್ನು ಫಿಸಿಯೊಥೆರಪಿಸ್ಟ್ ಹತ್ತಿರ ಕಲಿಯಿರಿ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಿಬ್ಬೊಟ್ಟೆಗೆ ಇಟ್ಟುಕೊಂಡರೂ ಆರಾಮ ಸಿಗುತ್ತದೆ.

6. ಇಷ್ಟರಿಂದ ಸಾಲದಿದ್ದರೆ

ಡಾಕ್ಟರು ಅಮಿಟ್ರಿಪ್ಟಿಲಿನ್ ಅನ್ನು ಸಣ್ಣ ಪ್ರಮಾಣದಲ್ಲಿ ರಾತ್ರಿಗೆ ಬರೆಯಬಹುದು. ಅದು ಮಾನಸಿಕ ಖಿನ್ನತೆಗೂ ಕೊಡುವ ಮಾತ್ರೆ. ಚೀಟಿ ಓದಿ 'ನನಗೆ ಹುಚ್ಚಾ?' ಅಂತ ಅಂದುಕೊಳ್ಳಬೇಡಿ, ಇಲ್ಲಿ ಅದನ್ನು ಕೊಡುವುದು ನರಗಳ ನೋವು ತಗ್ಗಿಸಲು. ಮೂತ್ರಕೋಶದೊಳಗೇ ಔಷಧ ಬಿಡುವ ಚಿಕಿತ್ಸೆಯೂ ಇದೆ. ಈ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ ಪೆಂಟೋಸಾನ್ ಬರೆದುಕೊಟ್ಟರೆ, ಶುರು ಮಾಡುವ ಮೊದಲೇ ಕಣ್ಣಿನ ಡಾಕ್ಟರ ಹತ್ತಿರ ರೆಟಿನಾ (ಕಣ್ಣಿನ ಒಳಪರದೆ) ತೋರಿಸಿ. ವರ್ಷಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ದೃಷ್ಟಿಗೆ ತೊಂದರೆಯಾಗಿದೆ. ಮಾತ್ರೆ ಮುಂದುವರಿಯುವಷ್ಟು ಕಾಲವೂ ಆಗಾಗ ಆ ಪರೀಕ್ಷೆ ಮಾಡಿಸುತ್ತಿರಿ.