ಸೌತ್ ಆಫ್ರಿಕಾ ಟೂರ್‌ನಲ್ಲಿ ರೆಸ್ಟ್ ಡೇ ಸಿಕ್ಕಿದ್ರೆ: ಮಕ್ಕಳನ್ನ ಪಿಲಾನೆಸ್‌ಬರ್ಗ್ ಕಾಡಿಗೆ ಕರ್ಕೊಂಡು ಹೋಗೋದು ಹೇಗೆ

ಜೂನಿಯರ್ ಕ್ರಿಕೆಟ್ ಟೀಮ್ ಜೊತೆ ಸೌತ್ ಆಫ್ರಿಕಾಕ್ಕೆ ಹೊರಟಿದ್ದೀರಾ, ಮಧ್ಯೆ ಒಂದು ರೆಸ್ಟ್ ಡೇ ಇದೆ, ಹುಡುಗ್ರು ಆಗ್ಲೇ "ಸರ್, ಸಿಂಹ ನೋಡೋಕೆ ಯಾವಾಗ" ಅಂತ ಶುರು ಹಚ್ಕೊಂಡಿದ್ದಾರೆ ಅಂದ್ರೆ ಇದು ನಿಮಗೇ. ನಾನು ಮ್ಯಾನೇಜರ್ ಆಗಿ ಹೋದಾಗ ಮೊದಲ ಸಲ ಎಲ್ಲಾ ಉಲ್ಟಾ ಮಾಡಿದ್ದೆ, ಬೆಳಗಿನ ಜಾವ ಮೂರಕ್ಕೆ ಎಬ್ಬಿಸಿ ರಾತ್ರಿ ಹತ್ತಕ್ಕೆ ವಾಪಸ್ ತಂದು ಮರುದಿನ ಮ್ಯಾಚ್ ಆಡ್ಸಿದ್ದೆ, ಫೀಲ್ಡಲ್ಲಿ ಒಬ್ಬರ ಕಾಲೂ ಏಳ್ತಿರಲಿಲ್ಲ. ಆ ತಪ್ಪು ನೀವು ಮಾಡ್ಬೇಡಿ.

ಮೊದಲು ಶೆಡ್ಯೂಲ್ ನೋಡಿ. ಮರುದಿನ ಮ್ಯಾಚ್ ಇದ್ರೆ ಹೋಗಲೇಬೇಡಿ, ಎರಡು ದಿನ ಗ್ಯಾಪ್ ಇದ್ದಾಗ ಮೊದಲನೇ ದಿನ ಹೋಗಿ, ಎರಡನೇ ದಿನ ಲೈಟ್ ನೆಟ್ಸ್ ಮಾಡ್ಸಿ. ಹೋಗಿ ಬರೋಕೆ ಐದಾರು ಗಂಟೆ ಬಸ್ಸಲ್ಲಿ ಕೂತ ಫಾಸ್ಟ್ ಬೌಲರ್ ಬೆನ್ನು ಹಲಗೆ ಥರ ಬಿಗಿದಿರತ್ತೆ, ಅದಕ್ಕೆ ಒಂದೂವರೆ ಗಂಟೆಗೊಂದು ಸಲ ನಿಲ್ಲಿಸಿ ಇಳಿಸಿ ಸ್ಟ್ರೆಚ್ ಮಾಡ್ಸಿ.

ಜಾಗ ಅಂದ್ರೆ ನನ್ನ ಓಟು ಪಿಲಾನೆಸ್‌ಬರ್ಗ್‌ಗೆ. ಜೋಹಾನ್ಸ್‌ಬರ್ಗ್ ಕಡೆ ಮ್ಯಾಚ್ ಇದ್ರೆ ರಸ್ತೆಯಲ್ಲಿ ಸುಮಾರು ಎರಡೂವರೆ ಗಂಟೆ. 2023ರ ಜನವರಿಯಲ್ಲಿ ನಮ್ಮ ಹುಡುಗೀರು ಮೊದಲ ಅಂಡರ್-19 ಟಿ20 ವರ್ಲ್ಡ್ ಕಪ್ ಗೆದ್ದ ಪೊಚೆಫ್‌ಸ್ಟ್ರೂಮ್‌ನಿಂದಾನೂ ಹೋಗಿ ಬರಬಹುದು. ಕ್ರೂಗರ್ ನ್ಯಾಷನಲ್ ಪಾರ್ಕ್ ದೊಡ್ಡದು ನಿಜ, ಆದ್ರೆ ತುಂಬಾ ದೂರ, ಅದೂ ಅಲ್ಲದೆ ಅಲ್ಲಿ ಮಲೇರಿಯಾ ಇದೆ. ಪಿಲಾನೆಸ್‌ಬರ್ಗ್‌ನಲ್ಲಿ ಆ ತಲೆನೋವಿಲ್ಲ. ಇದು ನೂರು ಕೋಟಿ ವರ್ಷಕ್ಕೂ ಹಿಂದೆ ಆರಿಹೋದ ಜ್ವಾಲಾಮುಖಿಯ ಒಡಲು, ಸುತ್ತ ಬಳೆ ಥರ ಬೆಟ್ಟಗಳು, ಒಳಗೆ ಆನೆ, ಸಿಂಹ, ಚಿರತೆ, ಘೇಂಡಾಮೃಗ, ಕಾಡೆಮ್ಮೆ ಎಲ್ಲಾ ಇವೆ. ಮೊದಲು ಇಲ್ಲಿ ಹೊಲ-ಗದ್ದೆ ಇತ್ತು, 1979ರಲ್ಲಿ ಆಪರೇಷನ್ ಜೆನೆಸಿಸ್ ಅಂತ ಶುರು ಮಾಡಿ ಪ್ರಾಣಿಗಳನ್ನ ಬೇರೆ ಕಡೆಯಿಂದ ತಂದು ಬಿಟ್ಟಿದ್ದು.

ಬಸ್ಸಲ್ಲಿ ಹೋಗ್ತಾ ಮಕ್ಕಳಿಗೆ ಇಲ್ಲಿನ ಆನೆಗಳ ಕಥೆ ಹೇಳಿ. ಕ್ರೂಗರ್‌ನಲ್ಲಿ ಆನೆಗಳ ಸಂಖ್ಯೆ ಕಮ್ಮಿ ಮಾಡೋಕೆ ಅಂತ ದೊಡ್ಡವನ್ನ ಕೊಂದಾಗ ಅನಾಥವಾದ ಮರಿಗಳನ್ನ ಇಲ್ಲಿಗೆ ತಂದಿದ್ರು. ಹಿರಿಯರಿಲ್ಲದೆ ಬೆಳೆದ ಆ ಗಂಡಾನೆಗಳಿಗೆ ವಯಸ್ಸಿಗೆ ಮುಂಚೆನೇ ಮದ ಬಂತು, 1992ರಿಂದ 1997ರ ನಡುವೆ 40ಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನ ಕೊಂದು ಹಾಕಿದ್ವು. ಆಮೇಲೆ ಕ್ರೂಗರ್‌ನಿಂದ ಆರು ಹಿರಿ ಸಲಗಗಳನ್ನ ತಂದು ಬಿಟ್ಟರು, ಪುಂಡರ ಮದ ಇಳೀತು, ಕೊಲ್ಲೋದು ನಿಂತೋಯ್ತು. ನಾನು ಇದನ್ನ ಹೇಳಿ ಮುಗಿಸಿದಾಗ ಹಿಂದಿನ ಸೀಟಿಂದ ನಮ್ಮ ಕ್ಯಾಪ್ಟನ್ "ಆ ಆರೂ ಈಗ್ಲೂ ಇದ್ಯಾ ಸರ್" ಅಂತ ಕೇಳ್ದ, ಇಡೀ ಬಸ್ ಕಿವಿ ಇತ್ತ ಇಟ್ಟಿತ್ತು.

ಅಪ್ಪ-ಅಮ್ಮಂದಿರ ಒಪ್ಪಿಗೆ ಪತ್ರದಲ್ಲಿ ಈ ಔಟಿಂಗ್ ಹೆಸರು ಹಾಕಿಯೇ ಸೈನ್ ತಗೊಳ್ಳಿ, ಇನ್ಶೂರೆನ್ಸ್‌ನಲ್ಲಿ ಸಫಾರಿ ಕವರ್ ಆಗತ್ತಾ ಅಂತ ಹೊರಡೋ ಮುಂಚೆನೇ ಕೇಳ್ಕೊಳ್ಳಿ. ಹುಡುಗೀರ ಟೀಮ್ ಆದ್ರೆ ಒಬ್ಬ ಮೇಡಂ ಜೊತೆಗೆ ಇರಲೇಬೇಕು. ಸಫಾರಿ ಟ್ರಕ್ಕು, ಗೈಡು ಎರಡನ್ನೂ ಮೊದಲೇ ಬುಕ್ ಮಾಡಿ, ಟೀಮ್ ಬಸ್ಸಲ್ಲೇ ಸುತ್ತೋದಕ್ಕಿಂತ ಎಷ್ಟೋ ಮೇಲು, ಯಾಕಂದ್ರೆ ಗೈಡ್ ಕಣ್ಣಿಗೆ ಕಾಣೋದು ನಮ್ಮ ಕಣ್ಣಿಗೆ ಕಾಣಲ್ಲ.

ಜೂನ್-ಜುಲೈ ಅಲ್ಲಿ ಚಳಿಗಾಲ. ಹುಲ್ಲು ಒಣಗಿ ಪ್ರಾಣಿಗಳು ಚೆನ್ನಾಗಿ ಕಾಣ್ತವೆ, ಆದ್ರೆ ಓಪನ್ ಟ್ರಕ್ಕಲ್ಲಿ ಬೆಳಿಗ್ಗೆ ಗಾಳಿ ಹೊಡೆದ್ರೆ ಹಲ್ಲು ಕಟಕಟ ಅನ್ನತ್ತೆ. ಜಾಕೆಟ್, ಟೋಪಿ, ಉದ್ದ ಸಾಕ್ಸ್ ಕಡ್ಡಾಯ ಮಾಡಿ. ಮಧ್ಯಾಹ್ನ ಅದೇ ಬಿಸಿಲು ಮುಖ ಸುಡತ್ತೆ, ಸನ್‌ಸ್ಕ್ರೀನ್, ನೀರಿನ ಬಾಟಲ್ ಇರ್ಲಿ. ಡಿಸೆಂಬರ್-ಜನವರಿ ಆದ್ರೆ ಸೆಖೆ, ಸಾಯಂಕಾಲ ಗುಡುಗು ಮಳೆ ಬರಬಹುದು. ಯಾರಿಗಾದ್ರೂ ಶೀತ, ವಾಂತಿ ಅಂದ್ರೆ ಕೈಗೆ ಸಿಕ್ಕಿದ ಮಾತ್ರೆ ಕೊಡಬೇಡಿ, ಶೀತದ ಮಾತ್ರೆಗಳಲ್ಲಿರೋ ಸ್ಯೂಡೋಎಫೆಡ್ರಿನ್ ಮ್ಯಾಚ್ ಟೈಮಲ್ಲಿ ಡೋಪಿಂಗ್ ಲಿಸ್ಟಲ್ಲಿದೆ, ಟೀಮ್ ಡಾಕ್ಟರನ್ನ ಕೇಳಿ.

ಗೇಟ್ ದಾಟೋ ಮುಂಚೆ ಎಲ್ಲರೂ ಟಾಯ್ಲೆಟ್‌ಗೆ ಹೋಗಿ ಬರ್ಲಿ, ಒಳಗೆ ಗುರುತು ಮಾಡಿದ ಜಾಗ ಬಿಟ್ಟು ಎಲ್ಲೂ ಇಳಿಯೋ ಹಾಗಿಲ್ಲ. ಟ್ರಕ್ಕಲ್ಲಿ ಎದ್ದು ನಿಲ್ಲಬಾರದು, ಕೈ ಹೊರಗೆ ಚಾಚಬಾರದು. ಪ್ರಾಣಿಗಳು ಗಾಡಿನೂ ಜನಾನೂ ಸೇರಿಸಿ ಒಂದೇ ಆಕಾರವಾಗಿ ನೋಡಿ ಅಭ್ಯಾಸ ಮಾಡ್ಕೊಂಡಿರ್ತವೆ, ಒಬ್ಬ ತಟ್ಟನೆ ಎದ್ರೆ ಆ ಆಕಾರ ಒಡೆಯತ್ತೆ. ಕಣ್ಣು-ಕಿವಿ ನಡುವೆ ಕಪ್ಪಗೆ ಎಣ್ಣೆ ಸುರಿದ ಹಾಗೆ ಒದ್ದೆ ಇರೋ ಒಂಟಿ ಸಲಗ ಕಂಡ್ರೆ ಮದ ಬಂದಿದೆ ಅಂತ ಅರ್ಥ, ಗೈಡ್ ಹಿಂದಕ್ಕೆ ತಗೊಂಡ್ರೆ "ಇನ್ನೊಂದು ಫೋಟೋ" ಅಂತ ಒತ್ತಾಯ ಮಾಡ್ಬೇಡಿ. ಪಿಕ್ನಿಕ್ ಜಾಗದಲ್ಲಿ ತಿಂಡಿ ತೆರೆದು ಇಡಬೇಡಿ, ಬಬೂನ್‌ಗಳು ಬ್ಯಾಗ್ ಸಮೇತ ಎತ್ಕೊಂಡು ಹೋಗ್ತವೆ.

ಮುಖ್ಯವಾದ ಮಾತು, ದಿನವಿಡೀ ಸಿಂಹದ ಹಿಂದೆ ಅಲೆಸಬೇಡಿ. ಎರಡು ಗಂಟೆ ಸುತ್ತಿ, ಆಮೇಲೆ ಮಂಕ್ವೆ ಡ್ಯಾಂ ಹತ್ರ ಕೂತು ಪ್ರಾಣಿ ನೋಡೋಕೆ ಅಂತ ನೀರಿನ ಪಕ್ಕ ಕಟ್ಟಿರೋ ಮರೆಗೆ ಹೋಗಿ ಸುಮ್ಮನೆ ಕೂತ್ಕೊಳ್ಳಿ. ರೆಸ್ಟ್ ಡೇ ಅಲ್ವಾ, ಕಾಲಿಗೂ ರೆಸ್ಟ್, ತಲೆಗೂ ರೆಸ್ಟ್. ನಮ್ಮ ವಿಕೆಟ್ ಕೀಪರ್ ಒಂದು ನಿಮಿಷ ಬಾಯಿ ಮುಚ್ಚಿದವನಲ್ಲ, ಅವತ್ತು ಆನೆ ಹಿಂಡು ನೀರಿಗೆ ಬಂತು, ಹಿಂಡಲ್ಲೊಂದು ಪುಟ್ಟ ಮರಿಗೆ ಸೊಂಡಿಲಲ್ಲಿ ನೀರೆಳೆಯೋದು ಇನ್ನೂ ಬರ್ತಿರಲಿಲ್ಲ, ಮುಂಗಾಲು ಮಡಿಸಿ ಬಾಯಿನೇ ನೀರಿಗೆ ಹಾಕಿ ಕುಡೀತಿತ್ತು. ದೊಡ್ಡ ಆನೆಗಳು ನೀರನ್ನ ಗಂಟಲಿಗೆ ಸುರ್ಕೊಳ್ಳೋ ಸದ್ದು ಕೇಳ್ತಿತ್ತು. ನಲವತ್ತು ನಿಮಿಷ ಆ ಹುಡುಗ ಒಂದು ಮಾತೂ ಆಡಲಿಲ್ಲ, ಗ್ಲೌಸ್ ಹಾಕೋ ಕೈ ಎರಡೂ ಕಟಕಟೆ ಮೇಲೆ ಹಾಗೇ ಇದ್ವು.

ಇನ್ನೊಂದು ವಿಷಯ ಕೈ ಮುಗಿದು ಹೇಳ್ತೀನಿ, ಸಿಂಹದ ಮರಿ ಮುಟ್ಟಿಸೋ, ಎತ್ಕೊಂಡು ಫೋಟೋ ತೆಗೆಸೋ ಜಾಗಗಳಿಗೆ ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ. ಹುಟ್ಟಿದ ಕೆಲವೇ ದಿನಕ್ಕೆ ತಾಯಿಯಿಂದ ಕಿತ್ತು ತಂದ ಮರಿಗಳು ಅವು. ಬೆಳೆದ ಮೇಲೆ ಅಂಥವನ್ನ ಬೇಲಿಯೊಳಗೇ ಬಿಟ್ಟು ಬೇಟೆ ಆಡಿಸ್ತಾರೆ, ಮೂಳೆಗೆ ಮಾರ್ತಾರೆ. ಸಿಂಹ ಸಾಕಿ ಮಾಡೋ ಈ ವ್ಯಾಪಾರ ನಿಲ್ಲಿಸ್ಬೇಕು ಅಂತ 2021ರಲ್ಲೇ ಅಲ್ಲಿನ ಸರ್ಕಾರ ಹೇಳಿದೆ. ಹಾಗೇ ಘೇಂಡಾಮೃಗದ ಫೋಟೋ ಹಾಕುವಾಗ ಫೋನಲ್ಲಿ ಲೊಕೇಶನ್ ಆಫ್ ಮಾಡ್ಸಿ, ಕೊಂಬಿಗಾಗಿ ಕೊಲ್ಲೋ ಕಳ್ಳರಿಗೆ ಅದು ದಾರಿ ತೋರಿಸಿದ ಹಾಗೆ.

ಮ್ಯಾಚ್ ಕೇಪ್‌ಟೌನ್‌ನಲ್ಲಿದ್ರೆ ಇಷ್ಟೆಲ್ಲಾ ಬೇಡ, ಸೈಮನ್ಸ್ ಟೌನ್‌ನ ಬೌಲ್ಡರ್ಸ್ ಬೀಚಲ್ಲಿ ಅರ್ಧ ದಿನ ಸಾಕು. 1982ರಲ್ಲಿ ಎರಡು ಜೋಡಿಯಿಂದ ಶುರುವಾದ ಆಫ್ರಿಕನ್ ಪೆಂಗ್ವಿನ್ ಸಂಸಾರ ಅದು, ಈಗ ಈ ಜಾತಿನೇ ಅಳಿವಿನ ಅಂಚಲ್ಲಿದೆ. ಹಲಗೆ ದಾರಿ ಬಿಟ್ಟು ಇಳಿಯಬೇಡಿ, ಹೊರಡುವಾಗ ಗಾಡಿ ಕೆಳಗೆ ಬಗ್ಗಿ ನೋಡಿ, ನೆರಳಿಗೆ ಪೆಂಗ್ವಿನ್ ಬಂದು ಕೂತಿರತ್ತೆ.

ಸಾಯಂಕಾಲ ಬೇಗ ಹೊರಟುಬಿಡಿ. ಬಸ್ ಹತ್ತುವಾಗ ಹೆಸರು ಕೂಗಿ ಎಣಿಸಿ, ಬರೀ ತಲೆ ಎಣಿಸಿದ್ರೆ ಸಾಲದು. ಹೋಟೆಲ್ ಮುಟ್ಟಿದ ಮೇಲೆ ಸಾಕ್ಸ್ ಬಿಚ್ಚಿಸಿ ಕಾಲು, ಮಂಡಿ ಹಿಂದೆ ರಕ್ತ ಹೀರೋ ಉಣ್ಣಿ ಹುಳ ಹತ್ತಿದ್ಯಾ ನೋಡಿ, ಹತ್ತು ನಿಮಿಷ ಸ್ಟ್ರೆಚ್, ಬಿಸಿ ಊಟ, ಒಂಬತ್ತೂವರೆಗೆ ಲೈಟ್ ಆಫ್.